ಚಾಳೀಸಿನಿಂದ ಪ್ರೋಗ್ರೆಸಿವ್‌ವರೆಗೆ: ಬೀದರ್ ಸೀಮೆಯ ಕನ್ನಡಕವೂ ರಸ್ತೆಯೂ

ಬೀದರ್ ಸೀಮೆಯಲ್ಲಿ ಕನ್ನಡಕ ಬಹುಕಾಲ ಕೂತು ಮಾಡುವ ಕೆಲಸದ ಸಾಧನವಾಗಿತ್ತು. ಲೆಕ್ಕದ ಚೋಪಡಿ ಬರೆಯುವ ಮುನೀಮ, ಕಿತಾಬು ಓದುವ ಮೌಲ್ವಿ, ವಚನದ ಕಟ್ಟು ಬಿಚ್ಚುವ ಜಂಗಮ, ಸೂಜಿಗೆ ದಾರ ಪೋಣಿಸುವ ದರ್ಜಿ, ಬಿದ್ರಿ ಕೆತ್ತುವ ಕಾರಿಗರ, ಇಂಥವರು ನಲವತ್ತು ದಾಟಿದ ಮೇಲೆ ಚಾಳೀಸು ಏರಿಸುತ್ತಿದ್ದರು. ಕೆಲಸ ಮುಗಿಸಿ ಏಳುವಾಗ ಅದನ್ನು ತೆಗೆದು ಜೇಬಿಗಿಟ್ಟುಕೊಳ್ಳುವುದು ವಾಡಿಕೆ, ಏಕೆಂದರೆ ಹತ್ತಿರದ ನಂಬರಿನ ಗಾಜಿನಲ್ಲಿ ದೂರದ್ದೆಲ್ಲ ಮಸುಕು. ಅದೇ ವಯಸ್ಸಿನವರು ಇಂದು ದೂರಕ್ಕೂ ಹತ್ತಿರಕ್ಕೂ ಒಂದೇ ಗಾಜು ಹಾಕಿಕೊಂಡು ಭಾಲ್ಕಿ, ಔರಾದ್ ರಸ್ತೆಗಳಲ್ಲಿ ಗಾಡಿ ಓಡಿಸುತ್ತಾರೆ. ಗಾಜು ಇಷ್ಟು ಬದಲಾದರೂ ರಸ್ತೆಯ ಕಾನೂನು ಮಾತ್ರ ಇಂದಿಗೂ ದೂರದ ನೋಟವನ್ನು ವಿಚಾರಿಸುತ್ತದೆ, ಹತ್ತಿರದ್ದನ್ನಲ್ಲ. ಪ್ರೋಗ್ರೆಸಿವ್ ಎಂಬ ಈ ಒಂದೇ ಗಾಜಿನ ಕನ್ನಡಕ ಹಾಕಿ ಗಾಡಿ ಓಡಿಸುವುದರ ಬಗೆಗಿನ ಆತಂಕದ ಬೇರು ಇಲ್ಲಿದೆ.

ಕನ್ನಡಕ ಹುಟ್ಟಿದ್ದು ಇಟಲಿಯಲ್ಲಿ, 13ನೆಯ ಶತಮಾನದ ಕೊನೆಗೆ. ದಖ್ಖನ್ನಿನಲ್ಲಿ ಅದರ ಬಗ್ಗೆ ಗೊತ್ತಿರುವ ಹಳೆಯ ಉಲ್ಲೇಖ ಬಹಮನಿಗಳ ಬೀದರಿನದಲ್ಲ, ಅವರ ಎದುರಾಳಿ ವಿಜಯನಗರದ್ದು. ಸೋಮನಾಥ ಕವಿಯ ಸಂಸ್ಕೃತ ಚಂಪೂ ‘ವ್ಯಾಸಯೋಗಿಚರಿತ’ದಲ್ಲಿ ವ್ಯಾಸರಾಯರು ಕನ್ನಡಕದ ನೆರವಿನಿಂದ ಹೊತ್ತಗೆ ಓದುವ ಪ್ರಸಂಗ ಬರುತ್ತದೆ. ಕಾಲ 1520ರ ಆಸುಪಾಸು. ಪುಣೆಯ ವಿದ್ವಾಂಸ ಪಿ.ಕೆ. ಗೋಡೆ ಭಾರತದಲ್ಲಿ ಕನ್ನಡಕದ ಚರಿತ್ರೆಯನ್ನು ಬರೆಯುವಾಗ ಇದನ್ನು ಮುಂದಿಟ್ಟರು. ಗೋವೆಗೆ ಬಂದಿಳಿದ ಪೋರ್ಚುಗೀಸರ ಮೂಲಕ ಅದು ಹಂಪಿ ಸೇರಿರಬೇಕೆಂಬುದು ಸಾಮಾನ್ಯ ಊಹೆ. ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳಲಾಗುತ್ತದೆ. ಆ ಮದರಸಾ ಎದ್ದು ನಿಂತ ಅರ್ಧ ಶತಮಾನದೊಳಗೆ, ತುಂಗಭದ್ರೆಯ ಆಚೆ, ವಯಸ್ಸಾದ ಓದುಗರೊಬ್ಬರ ಮೂಗಿನ ಮೇಲೆ ಗಾಜು ಕೂತಿತ್ತು.

ಹತ್ತಿರದ ನೋಟವೇ ಅನ್ನ ಹಾಕುವ ಕಸುಬು ಬೀದರಿನಲ್ಲಿ ಯಾವುದೆಂದು ಕೇಳಿದರೆ ಮೊದಲು ಹೇಳಬೇಕಾದದ್ದು ಬಿದ್ರಿಯನ್ನೇ. ಸತುವಿನ ಪಾಲು ಬಹಳ, ತಾಮ್ರದ ಪಾಲು ತುಸು ಬೆರೆಸಿ ಎರಕ ಹೊಯ್ದ ಪಾತ್ರೆಯನ್ನು ಅರದಿಂದ ತೀಡಿ ನುಣುಪು ಮಾಡುತ್ತಾರೆ. ಆಗ ಅದರ ಬಣ್ಣ ಬೂದು ಬಿಳಿ. ಅದರ ಮೇಲೆ ಸೂಜಿಯಲ್ಲಿ ಗೀರಿದ ಗೆರೆ ಯಾವ ಕಣ್ಣಿಗೂ ಸರಿಯಾಗಿ ಕಾಣದು. ಅದಕ್ಕೇ ಕಾರಿಗರ ಮೊದಲು ಮೈಲುತುತ್ತದ ನೀರು ಸವರಿ ಮೈಯನ್ನು ಕಪ್ಪಗೆ ಮಾಡುತ್ತಾನೆ. ಆ ಕಪ್ಪಿನ ಮೇಲೆ ಬಳ್ಳಿ, ಹೂವು ಗೀರಿದರೆ ಲೋಹದ ಬಿಳಿ ಗೆರೆ ಎದ್ದು ಕಾಣುತ್ತದೆ, ಆಮೇಲೆ ಉಳಿಯ ಮೊನೆ ಆ ಗೆರೆಯ ಜಾಡು ಹಿಡಿಯುತ್ತದೆ. ಅಗೆದ ಗೆರೆಗೆ ಬೆಳ್ಳಿ ತಂತಿ ಕೂರಿಸಿ, ಕೊನೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಬರುವ ಕಪ್ಪು ಶಾಶ್ವತ. ಮೊದಲಿನದು ಕೇವಲ ಕಣ್ಣಿನ ಅನುಕೂಲಕ್ಕೆ. ಈ ಕೆಲಸ ನಡೆಯುವುದು ಮುಖದಿಂದ ಒಂದಡಿ ದೂರದಲ್ಲಿ. ನಲವತ್ತರ ನಂತರ ಕಣ್ಣಿನೊಳಗಿನ ಮಸೂರ ಗಟ್ಟಿಯಾಗಿ ಆ ಒಂದಡಿಗೆ ಬಾಗಲಾರದು. ಚಾಳೀಸು ಇಲ್ಲಿ ಉಳಿ, ಸುತ್ತಿಗೆಗಳ ಜೊತೆಗೆ ಸೇರಿದ ಇನ್ನೊಂದು ಹತಾರು.

ಈ ಸೀಮೆಗೆ ಮೋಟಾರು ಬಂದದ್ದು ನಿಜಾಮರ ಆಳ್ವಿಕೆಯಲ್ಲಿ. ನಿಜಾಮ್ ಸ್ಟೇಟ್ ರೈಲ್ವೆಯ ರಸ್ತೆ ಸಾರಿಗೆ ಇಲಾಖೆ 1932ರ ಜೂನ್‌ನಲ್ಲಿ 27 ಬಸ್ಸು, 166 ನೌಕರರೊಂದಿಗೆ ಶುರುವಾಯಿತು. ಅದರೊಂದಿಗೆ ದೂರ ನೋಡುವುದನ್ನೇ ನೌಕರಿಯಾಗಿ ಮಾಡುವ ಹೊಸ ಕಸುಬುದಾರ ಹುಟ್ಟಿದ. ಅವನ ಕಣ್ಣಿನಿಂದ ಸರಕಾರ ಬಯಸಿದ್ದು ಬಿದ್ರಿ ಕಾರಿಗರನ ಕಣ್ಣಿನ ತದ್ವಿರುದ್ಧ ಗುಣ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಹಳೆಯ ಬೀದರ್ ಜಿಲ್ಲೆಯೂ ಒಡೆಯಿತು. ಉದಗೀರ್, ನಿಲಂಗಾ ಕಡೆಯ ಭಾಗ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡ್ ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಮೈಸೂರು ರಾಜ್ಯಕ್ಕೆ ಬಂದವು. ಬಸ್ಸುಗಳೂ ಡ್ರೈವರುಗಳೂ ಹಾಗೆಯೇ ಹಂಚಿಹೋದರು. ಮೈಸೂರಿನ ರಸ್ತೆ ಸಾರಿಗೆ ನಿಗಮ 1961ರಲ್ಲಿ ಆಯಿತು. 2000ದ ಆಗಸ್ಟ್ 15ಕ್ಕೆ ಈಶಾನ್ಯ ಸಾರಿಗೆ ನಿಗಮ ಬೇರೆಯಾಗಿ ಕಲಬುರಗಿಯಲ್ಲಿ ಕೇಂದ್ರ ಕಚೇರಿ ಮಾಡಿಕೊಂಡಿತು. 2021ರಲ್ಲಿ ಅದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ ಎಂದಾಯಿತು. ಖಾಸಗಿ ಗಾಡಿಗಳು ಎಷ್ಟು ಹೆಚ್ಚಿದವೆಂಬುದಕ್ಕೆ ನಂಬರ್ ಪ್ಲೇಟುಗಳೇ ಸಾಕ್ಷಿ. ಬೀದರಿಗೆ ಕೆಎ-38 ಇದ್ದರೆ ಭಾಲ್ಕಿಯಂಥ ತಾಲ್ಲೂಕು ಪಟ್ಟಣಕ್ಕೂ ಕೆಎ-39 ಎಂಬ ತನ್ನದೇ ಗುರುತಿದೆ.

ಆ ನಂಬರ್ ಪ್ಲೇಟಿಗೂ ಕಣ್ಣಿನ ಪರೀಕ್ಷೆಗೂ ಕಾನೂನಿನಲ್ಲಿ ನೇರ ಸಂಬಂಧವಿದೆ. 1988ರ ಮೋಟಾರು ವಾಹನ ಕಾಯ್ದೆಯೂ 1989ರ ಕೇಂದ್ರ ನಿಯಮಗಳೂ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಆ ನಿಯಮಗಳ ಫಾರಂ 1 ಲೈಸೆನ್ಸ್ ಬೇಕೆನ್ನುವವರಿಂದ ಸ್ವಯಂ ಘೋಷಣೆ ಪಡೆಯುತ್ತದೆ: ಹಗಲಿನ ಒಳ್ಳೆಯ ಬೆಳಕಿನಲ್ಲಿ, ಕನ್ನಡಕ ಹಾಕುವವರಾದರೆ ಹಾಕಿಕೊಂಡೇ, 25 ಮೀಟರ್ ದೂರದ ಮೋಟಾರು ಕಾರಿನ ನಂಬರ್ ಪ್ಲೇಟನ್ನು ಗುರುತಿಸಬಲ್ಲಿರಾ? ಕೆಂಪು ಹಸಿರು ಬೇರ್ಪಡಿಸಿ ಕಾಣುತ್ತವೆಯೇ? ರಾತ್ರಿಗುರುಡು ಇದೆಯೇ? ನಲವತ್ತು ದಾಟಿದವರೂ ಬಾಡಿಗೆ ವಾಹನ ಓಡಿಸುವವರೂ ಇದರ ಜೊತೆಗೆ ಫಾರಂ 1-ಎ ಎಂಬ ವೈದ್ಯರ ಪ್ರಮಾಣಪತ್ರ ಕೊಡಬೇಕು. ಅದರಲ್ಲೂ ಕೇಳುವುದು ಅದೇ 25 ಮೀಟರಿನ ನಂಬರ್ ಪ್ಲೇಟು. ಹತ್ತಿರದ್ದು ಮಸುಕಾಗುವ ವಯಸ್ಸೂ ಡಾಕ್ಟರರ ಸಹಿ ಬೇಕಾಗುವ ವಯಸ್ಸೂ ಒಂದೇ. ಹಾಕಿಕೊಂಡಿರುವ ಕನ್ನಡಕ ಯಾವ ಬಗೆಯದು, ಮೀಟರ್ ಓದಲು ಬರುತ್ತದೆಯೇ, ಪಕ್ಕದ ಕನ್ನಡಿ ಕಾಣುತ್ತದೆಯೇ ಎಂಬುದಕ್ಕೆ ಎರಡೂ ಫಾರಂಗಳಲ್ಲಿ ಜಾಗವಿಲ್ಲ. ನಿಯಮ ಬರೆದವರನ್ನು ಇದಕ್ಕಾಗಿ ದೂರುವಂತಿಲ್ಲ. 1989ರಲ್ಲಿ ತಾಲ್ಲೂಕು ಪಟ್ಟಣದ ಡ್ರೈವರನ ಮೂಗಿನ ಮೇಲೆ ಇರಬಹುದಾಗಿದ್ದುದು ಒಂದೇ ನಂಬರಿನ ಗಾಜು, ಇಲ್ಲವೇ ಬೈಫೋಕಲ್.

ಬೈಫೋಕಲ್‌ನ ಕಥೆ ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ರಿಂದ ಶುರುವಾಗುತ್ತದೆ. ದೂರದ ಗಾಜಿನ ಅರ್ಧವನ್ನೂ ಹತ್ತಿರದ ಗಾಜಿನ ಅರ್ಧವನ್ನೂ ಒಂದೇ ಫ್ರೇಮಿನಲ್ಲಿ ಮೇಲೆ ಕೆಳಗೆ ಕೂರಿಸಿಕೊಂಡದ್ದನ್ನು ಅವರು 1785ರ ಕಾಗದವೊಂದರಲ್ಲಿ ವಿವರಿಸಿದ್ದಾರೆ. 20ನೆಯ ಶತಮಾನದ ಆರಂಭದಲ್ಲಿ ಹತ್ತಿರದ ಗಾಜಿನ ದುಂಡು ತುಣುಕನ್ನು ದೂರದ ಗಾಜಿನೊಳಗೆ ಕರಗಿಸಿ ಕೂಡಿಸುವ ಕ್ರಿಪ್ಟಾಕ್ ಬಂತು, ಆಮೇಲೆ ಮೇಲಂಚು ಸಪಾಟಾದ ಡಿ ಆಕಾರದ್ದು. ಕನ್ನಡಕದಂಗಡಿಗಳಲ್ಲಿ ಇವತ್ತಿಗೂ ಇವು ‘ಕೆಟಿ’, ‘ಡಿ ಬೈಫೋಕಲ್’ ಎಂದೇ ನಡೆಯುತ್ತವೆ. ಡ್ರೈವರನ ಮಟ್ಟಿಗೆ ಬೈಫೋಕಲ್ ಅರ್ಧ ಉಪಕಾರಿ. ರಸ್ತೆ ಮೇಲಿನ ಭಾಗದಲ್ಲಿ ಸ್ಪಷ್ಟ, ಕೈಯಲ್ಲಿ ಹಿಡಿದ ಬಿಲ್ಟಿ ಕೆಳಗಿನ ಭಾಗದಲ್ಲಿ ಸ್ಪಷ್ಟ. ಆದರೆ ಮೀಟರ್ ಇರುವುದು ಮುಖದಿಂದ ಎಪ್ಪತ್ತು–ಎಂಬತ್ತು ಸೆಂಟಿಮೀಟರ್ ದೂರದಲ್ಲಿ. ಐವತ್ತೈದರ ಡ್ರೈವರನಿಗೆ ಅದು ಮೇಲಿನ ಗಾಜಿಗೂ ದಕ್ಕದು, ನಲವತ್ತು ಸೆಂಟಿಮೀಟರಿಗೆಂದು ಮಾಡಿದ ಕೆಳಗಿನ ತುಣುಕಿಗೂ ದಕ್ಕದು. ಜೊತೆಗೆ ನೋಟ ಗೆರೆ ದಾಟುವಾಗ ಕಂಡ ವಸ್ತು ಪಟಕ್ಕನೆ ಜಿಗಿದಂತಾಗುತ್ತದೆ. ಅಭ್ಯಾಸವಾದವರಿಗೆ ಈ ಜಿಗಿತ ಒಂದು ದೊಡ್ಡ ತೊಂದರೆಯಲ್ಲ. ಗೆರೆ ಎಲ್ಲಿದೆಯೆಂದು ಕಣ್ಣಿಗೆ ಗೊತ್ತಿರುತ್ತದೆ.

ಗೆರೆಯೇ ಇಲ್ಲದೆ ಮೇಲಿನಿಂದ ಕೆಳಕ್ಕೆ ನಂಬರ್ ನಿಧಾನವಾಗಿ ಏರುತ್ತ ಹೋಗುವ ಪ್ರೋಗ್ರೆಸಿವ್ ಗಾಜಿನ ಕಲ್ಪನೆ ಹಳೆಯದು. ಓವೆನ್ ಏವ್ಸ್ ಎಂಬವರು ಇಂಗ್ಲೆಂಡಿನಲ್ಲಿ 1907ರಲ್ಲೇ ಪೇಟೆಂಟ್ ಪಡೆದಿದ್ದರು. ಅದು ಮಾರಾಟಕ್ಕೆ ಬರುವ ರೂಪ ತಾಳಿದ್ದು ಫ್ರಾನ್ಸಿನ ಎಂಜಿನಿಯರ್ ಬರ್ನಾರ್ ಮೆಥ್ನಾಜ್‌ರ ಕೈಯಲ್ಲಿ. 1959ರಲ್ಲಿ ವ್ಯಾರಿಲಕ್ಸ್ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು; 1972ರಲ್ಲಿ ಎರಡನೆಯ ತಲೆಮಾರಿನದು ಹೊರಬಿತ್ತು. ಈ ಗಾಜಿಗೆ ಗಣಿತ ವಿಧಿಸಿದ ದಂಡವೊಂದಿದೆ. ಮಿಂಕ್‌ವಿಟ್ಸ್ ಎಂಬ ಜರ್ಮನ್ ಗಣಿತಜ್ಞ 1963ರಲ್ಲಿ ತೋರಿಸಿದಂತೆ, ನಡುಗೆರೆಯಲ್ಲಿ ನಂಬರ್ ಎಷ್ಟು ವೇಗವಾಗಿ ಏರುತ್ತದೆಯೋ ಅದರ ಎರಡರಷ್ಟು ವೇಗದಲ್ಲಿ ಪಕ್ಕಕ್ಕೆ ಬೇಡದ ಸಿಲಿಂಡರ್ ದೋಷ ಬೆಳೆಯುತ್ತದೆ. ದೂರದಿಂದ ಹತ್ತಿರಕ್ಕೆ ಇಳಿಯುವ ಸ್ಪಷ್ಟ ಓಣಿ ಇಕ್ಕಟ್ಟು; ಅದರ ಎಡಬಲದ ಕೆಳಮೂಲೆಗಳು ಮಸುಕು. ಉತ್ಪಾದಕರು ಆ ಮಸುಕನ್ನು ಅಂಚಿಗೆ ತಳ್ಳಬಹುದು, ತೆಳ್ಳಗೆ ಹರಡಬಹುದು, ಅಳಿಸಿಹಾಕಲು ಮಾತ್ರ ಬರುವುದಿಲ್ಲ. ದುಬಾರಿ ಗಾಜಿಗೂ ಅಗ್ಗದ ಗಾಜಿಗೂ ಇರುವ ವ್ಯತ್ಯಾಸವೆಲ್ಲ ಈ ತಳ್ಳಾಟದಲ್ಲಿದೆ.

ದೇಶದ ಸಣ್ಣ ಊರುಗಳಿಗೆ ಪ್ರೋಗ್ರೆಸಿವ್ ಹರಡಿದ್ದು ತೊಂಬತ್ತರ ದಶಕದ ನಂತರ, ಗಾಜಿನ ಜಾಗದಲ್ಲಿ ಪ್ಲಾಸ್ಟಿಕ್ ಲೆನ್ಸ್ ಬಂದು, ದೊಡ್ಡ ಊರುಗಳ ಲ್ಯಾಬುಗಳಿಂದ ಕೊರಿಯರ್ ಮೂಲಕ ತರಿಸುವುದು ಸುಲಭವಾದಾಗ. 1987ರಲ್ಲಿ ಸ್ಥಾಪನೆಯಾದ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಂಥ ಆಸ್ಪತ್ರೆಗಳಿರುವ ಹೈದರಾಬಾದು ಬೀದರಿನಿಂದ ಸುಮಾರು 140 ಕಿಲೋಮೀಟರ್. ಹಾಗಾಗಿ ಈ ಸೀಮೆಗೆ ಕಣ್ಣಿನ ವಿಷಯದಲ್ಲಿ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. 2007ರಲ್ಲಿ ಟೈಟಾನ್ ಐಪ್ಲಸ್, ಆಮೇಲೆ ಲೆನ್ಸ್‌ಕಾರ್ಟ್ ಮುಂತಾದ ಸರಣಿ ಮಳಿಗೆಗಳು ಪೇಟೆಗೆ ಇಳಿದ ಮೇಲೆ ಪ್ರೋಗ್ರೆಸಿವ್ ಜಾಹೀರಾತಿನ ಮಾತಾಯಿತು. ಅದನ್ನು ಕೊಳ್ಳಲು ಮುಖ್ಯ ಕಾರಣ ನೋಟದ ಅನುಕೂಲವೋ, ಗೆರೆ ಕಾಣದೆ ವಯಸ್ಸು ಮುಚ್ಚಿಹೋಗುವ ಅನುಕೂಲವೋ ಎಂಬುದು ಬೇರೆ ಮಾತು.

ಗಾಡಿ ಓಡಿಸುವವನ ಸುರಕ್ಷತೆ ಬಹುಪಾಲು ನಿರ್ಧಾರವಾಗುವುದು ಅಂಗಡಿಯ ಕೌಂಟರಿನಲ್ಲಿ. ಗಿರಾಕಿ ಫ್ರೇಮ್ ಹಾಕಿಕೊಂಡು, ತಲೆ ನೆಟ್ಟಗಿಟ್ಟು, ಎದುರಿನ ಗೋಡೆ ನೋಡುತ್ತಿರುವಾಗ ಅಂಗಡಿಯವನು ಡಮ್ಮಿ ಗಾಜಿನ ಮೇಲೆ ಎರಡೂ ಪಾಪೆಗಳ ನೇರಕ್ಕೆ ಮಾರ್ಕರಿನಿಂದ ಚುಕ್ಕೆ ಇಡಬೇಕು. ಎರಡು ಪಾಪೆಗಳ ಅಂತರ, ಅಂದರೆ ಪಿಡಿ, ಒಂದೊಂದು ಕಣ್ಣಿಗೂ ಬೇರೆಬೇರೆಯಾಗಿ ಅಳೆಯಬೇಕು. ಚುಕ್ಕೆಯಿಂದ ಫ್ರೇಮಿನ ತಳದವರೆಗಿನ ಎತ್ತರವನ್ನೂ ಅಳೆಯಬೇಕು. ಸಿದ್ಧವಾಗಿ ಬಂದ ಲೆನ್ಸನ್ನು ಬೆಳಕಿಗೆ ಓರೆಯಾಗಿ ಹಿಡಿದರೆ 34 ಮಿಲಿಮೀಟರ್ ಅಂತರದಲ್ಲಿ ಎರಡು ಅತಿ ಸಣ್ಣ ಗುರುತುಗಳು ಕೆತ್ತಿರುವುದು ಕಾಣುತ್ತದೆ. ಅವುಗಳಿಂದ ಗಾಜಿನ ನಕ್ಷೆಯನ್ನೆಲ್ಲ ಮತ್ತೆ ಹಾಕಿ, ಕೂರಿಸಿದ್ದು ಸರಿಯಿದೆಯೇ ಎಂದು ತಾಳೆ ನೋಡಬಹುದು. ಎತ್ತರ ಎರಡು ಮೂರು ಮಿಲಿಮೀಟರ್ ಮೇಲಾದರೆ ಸಾಕು, ಓಣಿಯ ಬಾಯಿ ರಸ್ತೆ ನೋಡುವ ಜಾಗಕ್ಕೆ ಏರಿ ಎದುರಿನ ಲಾರಿ ಮಂಜಾಗುತ್ತದೆ. ಗದ್ದ ತಗ್ಗಿಸಿದರೆ ಮಾತ್ರ ಸ್ಪಷ್ಟ. ಇಡೀ ದಿನ ಗದ್ದ ತಗ್ಗಿಸಿ ಓಡಿಸುವವನ ಕುತ್ತಿಗೆ ಸಂಜೆಗೆ ಹಿಡಿಯುತ್ತದೆ. ಕಿರಿದಾದ ಫ್ಯಾಷನ್ ಫ್ರೇಮುಗಳಲ್ಲಿ ಓಣಿಯನ್ನು ಮೊಟಕು ಮಾಡಲೇಬೇಕಾಗುವುದರಿಂದ ಪಕ್ಕದ ಮಸುಕು ಮತ್ತಷ್ಟು ತೀವ್ರ.

ಕೂರಿಸಿದ್ದು ಸರಿಯಿದ್ದರೂ ಉಳಿಯುವ ತೊಡಕು ಕನ್ನಡಿಗಳದ್ದು. ಒಳಗಿನ ಸಪಾಟು ಕನ್ನಡಿ ಮುಖಕ್ಕೆ ಹತ್ತಿರವಿದ್ದರೂ ಅದರಲ್ಲಿ ಕಾಣುವ ಹಿಂದಿನ ಲಾರಿ ಕಣ್ಣಿನ ಲೆಕ್ಕಕ್ಕೆ ದೂರದ್ದೇ. ಆ ಕನ್ನಡಿ ಮೇಲೆಯೇ ಇರುವುದರಿಂದ ಲೆನ್ಸಿನ ದೂರದ ಭಾಗಕ್ಕೆ ಸಲೀಸಾಗಿ ಸಿಗುತ್ತದೆ. ಹೊರಗಿನ ಉಬ್ಬುಕನ್ನಡಿಗಳಲ್ಲಿ ಬಿಂಬ ಕನ್ನಡಿಯ ಹಿಂದೆ ತುಸು ದೂರದಲ್ಲೇ ಮೂಡುತ್ತದೆ. ಕನ್ನಡಿಗಳೂ ಕೆಳಗೆ, ಪಕ್ಕಕ್ಕೆ ಇವೆ. ಬಲಗಡೆ ಕೂತ ಡ್ರೈವರ್ ತಲೆ ಅಲುಗಿಸದೆ ಕಣ್ಣನ್ನಷ್ಟೇ ಎಡಗನ್ನಡಿಯತ್ತ ಹೊರಳಿಸಿದರೆ ನೋಟ ಹಾದುಹೋಗುವುದು ಗಾಜಿನ ಎಡ ಕೆಳಮೂಲೆಯಿಂದ, ಮಸುಕು ದಟ್ಟವಾಗಿರುವ ಜಾಗದಿಂದ. ಅಲ್ಲಿ ನುಸುಳುವ ಬೈಕು ಇದೆಯೋ ಇಲ್ಲವೋ ಎಂಬುದು ಆ ಕ್ಷಣಕ್ಕೆ ಅನುಮಾನ. ಮೂಗನ್ನೇ ಕನ್ನಡಿಯತ್ತ ತಿರುಗಿಸುವುದನ್ನು ಕಲಿತ ಮೇಲೆ ಈ ಅನುಮಾನ ತೀರುತ್ತದೆ. ಹೊಸಬರಿಗೆ ಒಂದೆರಡು ವಾರ ತಲೆ ತಿರುಗಿಸಿದಾಗ ಅಂಚಿನ ರಸ್ತೆ ಅಲೆಯಾಡಿದಂತೆ ಭಾಸವಾಗುವುದೂ ಉಂಟು. ಹೊಸ ಪ್ರೋಗ್ರೆಸಿವ್ ಹಾಕಿದ ದಿನವೇ ಗಾಡಿ ಓಡಿಸಬೇಡಿ, ಮೊದಲು ಮನೆಯಲ್ಲಿ ರೂಢಿಯಾಗಲಿ ಎಂದು ಕಣ್ಣು ಪರೀಕ್ಷಕರು ಹೇಳುವುದು ಇದಕ್ಕೇ.

ಬೀದರಿನ ಹಳೆ ಊರು ಈ ಕುತ್ತಿಗೆ ತಿರುಗಿಸುವ ವಿದ್ಯೆಗೆ ಒಳ್ಳೆಯ ಪರೀಕ್ಷೆ. ನಾಲ್ಕು ರಸ್ತೆ ಕೂಡುವಲ್ಲಿ ಸುಮಾರು 22 ಮೀಟರ್ ಎತ್ತರದ ದುಂಡು ಚೌಬಾರಾ ನಿಂತಿದೆ. ಅದನ್ನು ಬಳಸಿ ಹೋಗುವಾಗ ಎಡಬಲ ಎರಡೂ ಕಡೆಯಿಂದ ಟಂಟಂ, ಬೈಕು, ತಳ್ಳುಗಾಡಿ ಬರುತ್ತವೆ. ಊರು ಬಿಟ್ಟ ಮೇಲೆ ಪರೀಕ್ಷೆಯ ಬಗೆ ಬದಲಾಗುತ್ತದೆ. ಬೀದರ್ ಕೂತಿರುವುದು ಕೆಂಪು ಮುರಕಲ್ಲಿನ ಎತ್ತರದ ಮೇಲೆ. ಮಾಂಜ್ರಾ ದಾಟಿ ಸಂತಪುರದ ಮೇಲೆ ಔರಾದಿಗೆ, ಅಥವಾ ಹಲಬರ್ಗಾದ ಮೇಲೆ ಭಾಲ್ಕಿಗೆ ಹೋಗುವಾಗ ಎರೆ ನೆಲ ಸಿಗುತ್ತದೆ. ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆಯ ಮೇಲೆ ಡಾಂಬರು ಸಮತಟ್ಟಾಗಿ ನಿಲ್ಲುವುದು ಕಷ್ಟ. ಕಾರಿನವನ ನೋಟ ಬಹುತೇಕ ದೂರದಲ್ಲಿರುತ್ತದೆ. ಬೈಕಿನವನು ಮುಂಗಾಲಿಯ ಮುಂದಿನ ತಗ್ಗು ನೋಡಲು ಕಣ್ಣು ಕೆಳಗಿಳಿಸುತ್ತಾನೆ. ಆಗ ಅವನು ನೋಡುವುದು ನಲವತ್ತು ಸೆಂಟಿಮೀಟರಿಗೆಂದು ಮಾಡಿದ ಭಾಗದಿಂದ, ತಗ್ಗು ಇರುವುದು ನಾಲ್ಕೈದು ಮೀಟರ್ ಆಚೆ. ಅದರ ಅಂಚು ಕರಗಿ, ಆಳ ತಿಳಿಯದೆ ಹೋಗುತ್ತದೆ. ಹೆಲ್ಮೆಟ್ ಕೆನ್ನೆ ಒತ್ತಿ ಕನ್ನಡಕವನ್ನು ಮೇಲೆತ್ತಿದರೆ ಓದುವ ಭಾಗವೂ ಜೊತೆಗೇ ಮೇಲೇರುತ್ತದೆ. ಪ್ರೋಗ್ರೆಸಿವ್ ಕುರಿತ ಚರ್ಚೆ ಹೆಚ್ಚಾಗಿ ಕಾರಿನ ಸುತ್ತ ನಡೆದಿದೆ. ಆದರೆ ಈ ಸೀಮೆಯಲ್ಲಿ ನಲವತ್ತು ದಾಟಿ ಗಾಡಿ ಓಡಿಸುವವರಲ್ಲಿ ಬೈಕಿನವರೂ ಬಹಳ.

ರಾತ್ರಿಯ ಸಂಗತಿಯಲ್ಲಿ ಮಾತ್ರ ಪ್ರೋಗ್ರೆಸಿವ್ ಹೊರಬೇಕಾದದ್ದಕ್ಕಿಂತ ಹೆಚ್ಚು ಆಪಾದನೆ ಹೊತ್ತಿದೆ. ಅರವತ್ತರ ಕಣ್ಣಿನ ಅಕ್ಷಿಪಟಕ್ಕೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿನದರ ಸುಮಾರು ಮೂರನೇ ಒಂದು ಭಾಗ; ಪಾಪೆ ಕಿರಿದಾಗಿರುತ್ತದೆ, ಮಸೂರ ಹಳದಿಯಾಗಿರುತ್ತದೆ, ಪೊರೆ ಶುರುವಾಗಿದ್ದರೆ ಎದುರಿನ ಹೈಬೀಮ್ ಚೆದುರಿ ಇಡೀ ನೋಟವನ್ನೇ ನುಂಗುತ್ತದೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಹಿಂದಿನ ದೀಪವಿಲ್ಲದ ಟ್ರಾಲಿ ಎಳೆದು ಸಾಗುವ ಟ್ರ್ಯಾಕ್ಟರು ಕಾಣದಿರುವುದಕ್ಕೆ ಗಾಜಿನ ವಿನ್ಯಾಸ ಕಾರಣವಲ್ಲ. ಗಾಜಿನ ಮೇಲ್ಮೈಯ ಪ್ರತಿಫಲನ ತಗ್ಗಿಸುವ ಲೇಪವನ್ನು ಜರ್ಮನಿಯ ಜೈಸ್ ಕಂಪನಿಯಲ್ಲಿ ಅಲೆಕ್ಸಾಂಡರ್ ಸ್ಮಾಕುಲಾ 1935ರಲ್ಲಿ ರೂಪಿಸಿದರು. ಅಂಗಡಿಯವರು ಎಆರ್‌ಸಿ ಎನ್ನುವ ಆ ಲೇಪ ರಾತ್ರಿ ಸ್ವಲ್ಪ ನೆರವಾಗುತ್ತದೆ. ರಸ್ತೆ ಬದಿಯಲ್ಲಿ ‘ನೈಟ್ ಡ್ರೈವಿಂಗ್’ ಎಂದು ಮಾರುವ ಹಳದಿ ಕನ್ನಡಕ ನೆರವಾಗುವುದಿಲ್ಲ. ಬಾಸ್ಟನ್ನಿನ ಸಂಶೋಧಕರು ಸಿಮ್ಯುಲೇಟರಿನಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಳದಿ ಗಾಜಿನಿಂದ ರಾತ್ರಿಯ ಪಾದಚಾರಿಗಳನ್ನು ಗುರುತಿಸುವುದೇನೂ ಸುಧಾರಿಸಲಿಲ್ಲ.

ಪ್ರೋಗ್ರೆಸಿವ್ ಅನ್ನೇ ನೇರವಾಗಿ ಪರೀಕ್ಷಿಸಿದ ಅಧ್ಯಯನಗಳು ಸಮಾಧಾನವನ್ನೂ ಎಚ್ಚರವನ್ನೂ ಕೊಡುತ್ತವೆ. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಸಂಚಾರ ಮುಚ್ಚಿದ ರಸ್ತೆಯೊಂದರಲ್ಲಿ ರಾತ್ರಿ ಕಾರು ಓಡಿಸಿ ನೋಡಿ, 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹಿನ್ನಡೆ ಕಂಡದ್ದು ಮಲ್ಟಿಫೋಕಲ್ ಕಾಂಟ್ಯಾಕ್ಟ್ ಲೆನ್ಸ್ ಹಾಕಿದಾಗ. ಪ್ರೋಗ್ರೆಸಿವ್ ಕನ್ನಡಕ ಅದಕ್ಕಿಂತ ಉತ್ತಮವಾಗಿ ನಿಭಾಯಿಸಿತು. ಅಪಾಯ ಸ್ಪಷ್ಟವಾಗಿ ಸಾಬೀತಾದದ್ದು ಗಾಡಿಯಿಂದ ಇಳಿದ ಮೇಲೆ. 63ರಿಂದ 90 ವಯಸ್ಸಿನ 156 ಜನರನ್ನು ಗಮನಿಸಿ ಆಸ್ಟ್ರೇಲಿಯಾದಲ್ಲೇ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬೈಫೋಕಲ್, ಪ್ರೋಗ್ರೆಸಿವ್‌ನಂಥ ಕನ್ನಡಕ ಹಾಕುವವರು ಎಡವಿ ಬೀಳುವ ಸಂಭವ ಎರಡು ಪಟ್ಟಿಗೂ ಹೆಚ್ಚು. ಕೆಳಗೆ ನೋಡಿದಾಗ ಮೆಟ್ಟಿಲಿನ ಅಂಚು ಓದುವ ಗಾಜಿನಲ್ಲಿ ಕರಗುವುದೇ ಅದರ ಮೂಲ. ಲಾರಿ ಕ್ಯಾಬಿನ್ನಿನ ಎತ್ತರದ ಪಾವಟಿಗೆಯಿಂದ ಇಳಿಯುವ ಡ್ರೈವರನಿಗೂ ಬಸ್ಸಿನ ಬಾಗಿಲಲ್ಲಿ ಇಳಿಯುವ ಪ್ರಯಾಣಿಕನಿಗೂ ಇದು ಸಮಾನವಾಗಿ ಅನ್ವಯಿಸುತ್ತದೆ.

ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿ ಲೈಸೆನ್ಸಿನ ಅವಧಿಗಳನ್ನು ಬದಲಿಸಿತು. ಖಾಸಗಿ ವಾಹನಕ್ಕೆ 30ರೊಳಗೆ ಪಡೆದ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರೊಳಗಿನವರಿಗೆ ಹತ್ತು ವರ್ಷ. 50ರಿಂದ 55ರೊಳಗಿನವರಿಗೆ 60 ತುಂಬುವವರೆಗೆ. ಆಮೇಲೆ ಐದೈದು ವರ್ಷ. ಬಾಡಿಗೆ ವಾಹನದ ಲೈಸೆನ್ಸ್ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿತು. ಈ ಲೆಕ್ಕವನ್ನು ಕಣ್ಣಿನ ಲೆಕ್ಕದ ಪಕ್ಕದಲ್ಲಿಟ್ಟರೆ ತೊಡಕು ಕಾಣುತ್ತದೆ. 49ರಲ್ಲಿ ನವೀಕರಿಸಿದವರು 59ರವರೆಗೆ ಆರ್‌ಟಿಒ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ. ಆ ಹತ್ತು ವರ್ಷದಲ್ಲಿ ಅವರ ಹತ್ತಿರದ ನಂಬರ್ ಒಂದೂಮುಕ್ಕಾಲರ ಆಸುಪಾಸಿನಿಂದ ಎರಡೂವರೆಗೆ ಏರುತ್ತದೆ. ಮಿಂಕ್‌ವಿಟ್ಸ್ ತೋರಿಸಿದ ನಿಯಮದಂತೆ, ನಂಬರ್ ಏರಿದಷ್ಟೂ ಪ್ರೋಗ್ರೆಸಿವ್‌ನ ಪಕ್ಕದ ಮಸುಕೂ ಏರುತ್ತದೆ. 25 ಮೀಟರಿನ ನಂಬರ್ ಪ್ಲೇಟನ್ನು ಅವರು 49ರಲ್ಲೂ ಓದುತ್ತಾರೆ, 59ರಲ್ಲೂ ಓದುತ್ತಾರೆ.

ಕಂಪನಿಗಳು ಇದಕ್ಕೆ ಕಂಡುಕೊಂಡ ದಾರಿ ಗಾಡಿಗೆಂದೇ ಬೇರೆ ಪ್ರೋಗ್ರೆಸಿವ್. 2015ರ ಸುಮಾರಿಗೆ ಜೈಸ್ ತಂದ ಡ್ರೈವ್‌ಸೇಫ್ ಅಂಥದ್ದು. ದೂರದ ಮತ್ತು ಡ್ಯಾಶ್‌ಬೋರ್ಡಿನ ಅಂತರದ ಭಾಗಗಳನ್ನು ಅಗಲ ಮಾಡಿ ಓದುವ ಭಾಗವನ್ನು ಮೊಟಕು ಮಾಡುವುದು ಅದರ ಲೆಕ್ಕಾಚಾರ. ಬೆಲೆ ನೋಡಿದರೆ ಟಂಟಂ ಓಡಿಸುವವನಿಗೆ ಎಟುಕುವ ಮಾತಲ್ಲ. ಕಡಿಮೆ ಖರ್ಚಿನ ದಾರಿ ಹಳೆಯದೇ: ಗಾಡಿಗೆ ದೂರದ ನಂಬರಿನದೊಂದು ಕನ್ನಡಕ, ಅಂಗಡಿ ಕಚೇರಿಗೆ ಪ್ರೋಗ್ರೆಸಿವ್ ಇನ್ನೊಂದು. ದೂರದ ನಂಬರಿನದರಲ್ಲಿ ಕನ್ನಡಿ, ತಗ್ಗು, ಮೆಟ್ಟಿಲು ಮೂರೂ ಸರಿಯಾಗಿ ಕಾಣುತ್ತವೆ, ಮೀಟರಿನ ಅಂಕಿ ಮಾತ್ರ ಮಸುಕು. ವೇಗವನ್ನು ಎಂಜಿನ್ನಿನ ಸದ್ದಿನಿಂದಲೇ ಅಂದಾಜು ಮಾಡುವ ಹಳೆಯ ಲಾರಿ ಡ್ರೈವರುಗಳಿಗೆ ಅದು ಕೊರತೆಯೆನ್ನಿಸದು. ಮೊಬೈಲಿನ ನಕ್ಷೆ ನೋಡುತ್ತ ಹೈದರಾಬಾದಿಗೆ ಹೋಗುವವರಿಗೆ ಕೊರತೆಯೇ. ಅವರು ಪ್ರೋಗ್ರೆಸಿವ್ ಅನ್ನೇ ಸರಿಯಾಗಿ ಕೂರಿಸಿಕೊಳ್ಳಬೇಕು.